ಬಿಕ್ಕುಬೆಲ್ಲದ ಕಚೇರಿ

ನಮ್ಮೂರಿನಲ್ಲಿ ಒಬ್ಬರು ಕಟ್ಟಿದ ಧಾಟಿಯನ್ನು ಇನ್ನೊಬ್ಬರು ಗುನುಗಿದರೆ, ಕಟ್ಟಿದವರು ಎಲ್ಲಿದ್ದರೂ ಅವರಿಗೆ ಬಿಕ್ಕಳಿಕೆ ಬರುತ್ತದೆ. ಪದ ಬದಲಾಯಿಸಿ ಹಾಡಿದರೂ ಅಷ್ಟೆ, ಬಾಯಿ ಮುಚ್ಚಿಕೊಂಡು ಮೂಗಿನಲ್ಲಿ ಗುನುಗಿದರೂ ಅಷ್ಟೆ. ತನ್ನ ಧಾಟಿಯನ್ನು ತಾನೇ ಹಾಡಿಕೊಂಡರೆ ಮಾತ್ರ ಏನೂ ಆಗುವುದಿಲ್ಲ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಹಾಗಾದರೆ ಯಾವ ಹಾಡು ಯಾರದೆಂದು ಅಲ್ಲಿಯವರು ಹೇಗೆ ತೀರ್ಮಾನ ಮಾಡುತ್ತಾರೋ ನಾನರಿಯೆ. ಪಾಪ, ಒಬ್ಬರ ಮಾತನ್ನೊಬ್ಬರು ನಂಬಿಕೊಂಡು ಬದುಕುತ್ತಾರೋ ಏನೋ.

ನಾನು ಇಲ್ಲಿನ ಧಾಟಿ ನೋಂದಣಿ ಕಚೇರಿಯಲ್ಲಿ ಪರೀಕ್ಷೆಯ ಹಾಡು ಹಾಡುವವಳು. ಯಾರ ಧಾಟಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿಬಿಡುತ್ತೇನೆ. ನನ್ನದು ಅಂತ ಒಂದು ಧಾಟಿಯೂ ಇಲ್ಲ, ಹುಟ್ಟಿದಾಗಿನಿಂದ ಒಂದು ಬಿಕ್ಕೂ ಬಂದಿಲ್ಲ. ಹೆಣ್ಣು ನೋಡಲು ಬಂದವರು, ಹುಡುಗಿಗೆ ಬಿಕ್ಕಳಿಕೆ ಬರುತ್ತದಾ ಎಂದು ಕೇಳಿ, ಇಲ್ಲವೆಂದ ಕೂಡಲೇ ಉಪ್ಪಿಟ್ಟು ಮುಗಿಸಿ ಎದ್ದು ಹೋಗುತ್ತಿದ್ದರು. ಸರ್ಕಾರ ಮಾತ್ರ ಅದೇ ಕಾರಣಕ್ಕೆ ಕರೆದು ಕೆಲಸ ಕೊಟ್ಟಿತು. ಪರೀಕ್ಷೆಯ ನಡುವೆ ಹಾಡುವವಳೇ ಬಿಕ್ಕಳಿಸುತ್ತಾ ಕೂತರೆ ಕಚೇರಿ ನಡೆದಂತೆಯೇ.

ನಮ್ಮಲ್ಲಿ ಕೆಲಸ ನಡೆಯುವುದು ಹೀಗೆ. ಧಾಟಿ ತನ್ನದೆನ್ನುವವರು ಅರ್ಜಿ ಹಾಕಿ ಬಾಯಿ ತುಂಬಾ ನೀರು ತುಂಬಿಕೊಂಡು ಸುಣ್ಣದ ಗೋಡೆಗೆ ಮುಖ ಮಾಡಿ ಕೂರಬೇಕು. ಪರದೆಯ ಈಚೆ ನಿಂತು ನಾನು ಹಾಡುತ್ತೇನೆ. ಬಿಕ್ಕು ಬಂತೋ, ನೀರು ಗೋಡೆಗೆ ಹಾರುತ್ತದೆ. ನೋಂದಣಾಧಿಕಾರಿ ಸದ್ಯೋಜಾತಪ್ಪನವರು ಬಂದು ಗೋಡೆ ಮುಟ್ಟಿ ನೋಡಿ ಮೊಹರು ಒತ್ತುತ್ತಾರೆ. ಬೇಕೆಂದೇ ಉಗುಳಿ ಮೋಸ ಮಾಡುವವರೂ ಇದ್ದಾರೆ, ಆದರೆ ನಿಜವಾದ ಬಿಕ್ಕಿನ ನೀರು ಮೂಗಿನಲ್ಲೂ ಬರುತ್ತದೆ. ಅದನ್ನು ನಟಿಸಲು ಈವರೆಗೆ ಯಾರಿಂದಲೂ ಆಗಿಲ್ಲ.

ನೋಂದಣಿ ಆದಮೇಲೆ ಬಿಕ್ಕುಬೆಲ್ಲ ಶುರುವಾಗುತ್ತದೆ. ಬಿಕ್ಕಳಿಕೆಗೆ ಬೆಲ್ಲ ಚೀಪಿದರೆ ನಿಲ್ಲುತ್ತದಲ್ಲ, ಹಾಗಾಗಿ ಯಾರು ಯಾರ ಧಾಟಿ ಗುನುಗಿದರೋ ಅವರು ಬೀದಿ ತುದಿಯ ಡಬ್ಬಿಗೆ, ಧಾಟಿಯ ಹೆಸರು ಹೇಳಿ ಒಂದು ಚೂರು ಬೆಲ್ಲ ಹಾಕಬೇಕು. ಶನಿವಾರ ನಾವು ತೂಗಿ, ಇರುವೆಯ ಪಾಲು ಕಳೆದು, ಉಳಿದದ್ದನ್ನು ಧಾಟಿಯವರಿಗೆ ಕೊಡುತ್ತೇವೆ. ಇರುವೆಯ ಪಾಲು ಎಷ್ಟೆಂದು ವರ್ಷಕ್ಕೊಮ್ಮೆ ಜಗಳ ಆಗುತ್ತದೆ. ಆ ಜಗಳದಲ್ಲಿ ಇರುವೆಗಳ ಪರವಾಗಿ ಮಾತಾಡುವವರು ಸದ್ಯೋಜಾತಪ್ಪನವರು, ಏಕೆಂದರೆ ಅವರ ಮನೆಯ ಹೋಳಿಗೆ ಯಾವ ಬೆಲ್ಲದಿಂದ ಆಗುತ್ತದೆಂದು ನಮಗೆಲ್ಲ ಗೊತ್ತಿದೆ.

ಇಂಥ ಕಚೇರಿಗೆ ಒಂದು ಗುರುವಾರ ಉಜ್ಜಿನಪ್ಪ ಬಂದ. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ ಹೊರಟಿತೆಂದು ಕೂಗುವವನು ಅವನೇ. ಅವನ ಕೂಗು ಕೇಳಿಯೇ ನಮ್ಮೂರು ಏಳುವುದು, ಉಣ್ಣುವುದು. ಮನುಷ್ಯನಿಗೆ ಸಂಗೀತವೆಂದರೆ ಆಗದು. ಮದುವೆಯ ವಾಲಗದವರು ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವ ಜಾತಿ. ಅವನು ಬಂದು ನನ್ನ ಮೇಜಿನ ಮುಂದೆ ನಿಂತು, ತಿಂಗಳಿನಿಂದ ಬಿಕ್ಕಳಿಕೆ ಅಕ್ಕೋರೆ ಅಂದ. ಅನ್ನುವಷ್ಟರಲ್ಲೇ ಒಂದು ಬಂತು.

ಯಾವ ಧಾಟಿ ಕಟ್ಟಿದ್ದೀಯ ಎಂದು ಕೇಳಿದೆ. ನಾನು ಧಾಟಿ ಕಟ್ಟುವುದಾ, ನನ್ನ ವಂಶದಲ್ಲೇ ಯಾರೂ ಅಂಥ ಕೆಲಸ ಮಾಡಿಲ್ಲ ಎಂದು ಸಿಟ್ಟಾದ. ನೋಡಪ್ಪ, ಬಿಕ್ಕಳಿಕೆ ಸುಳ್ಳು ಹೇಳುವುದಿಲ್ಲ, ಎಲ್ಲೋ ಯಾವಾಗಲೋ ಕಟ್ಟಿರುತ್ತೀಯ, ಈಗ ಯಾರೋ ಗುನುಗುತ್ತಿದ್ದಾರೆ ಎಂದೆ. ಆಗ ಅವನ ಮುಖ ಸಣ್ಣದಾಯಿತು. ಕೂತು ತನ್ನ ಕಷ್ಟ ಹೇಳಿಕೊಂಡ.

ಊರಿನ ಹೆಸರು ಕೂಗುವಾಗ ನಡುವೆ ಬಿಕ್ಕು ಬಂದರೆ ಅರ್ಧ ಹೆಸರು ಮೈಕಿನೊಳಗೇ ಉಳಿದುಬಿಡುತ್ತಿತ್ತು. ಹೋದ ವಾರ ಒಂದು ಮದುವೆಯ ಹೆಣ್ಣಿನ ಕಡೆಯ ದಿಬ್ಬಣ ಎಮ್ಮೆಕೆರೆಗೆ ಹೋಗಬೇಕಾದದ್ದು ಗೂಳಿಬಾವಿಯ ಬಸ್ಸು ಹತ್ತಿತು. ಅಲ್ಲೂ ಒಂದು ಮದುವೆ ಇತ್ತು. ಇವರು ಹೋಗಿ ಊಟಕ್ಕೆ ಕೂತು, ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವಾಗ, ಹುಡುಗ ನಮ್ಮವನಲ್ಲವಲ್ಲ ಎಂದು ಯಾರಿಗೋ ಹೊಳೆಯಿತು. ಹೊಳೆದಮೇಲೂ ಪಾಯಸ ಬರುವ ತನಕ ಯಾರೂ ಏಳಲಿಲ್ಲವೆನ್ನುವುದು ಬೇರೆ ಮಾತು. ಅತ್ತ ಎಮ್ಮೆಕೆರೆಯಲ್ಲಿ ಹೆಣ್ಣಿನ ಕಡೆಯವರು ಒಬ್ಬರೂ ಇಲ್ಲದೆ ಗಂಡು ಬಾಸಿಂಗ ಕಟ್ಟಿಕೊಂಡು ಕಣ್ಣು ಕಣ್ಣು ಬಿಡುತ್ತಾ ಕೂತಿದ್ದ. ಈ ಸುದ್ದಿ ಡಿಪೋ ಮ್ಯಾನೇಜರ ಕಿವಿಗೆ ಬಿದ್ದು, ಸೋಮವಾರದವರೆಗೆ ರಜೆ ಹಾಕು, ಅಂದು ನಾನೇ ಬಂದು ಪಕ್ಕದಲ್ಲಿ ನಿಲ್ಲುತ್ತೇನೆ, ಒಂದೇ ಒಂದು ಎಡವಟ್ಟಾದರೂ ಅವತ್ತೇ ಮನೆಗೆ ಎಂದು ಅವನು ಹೇಳಿಬಿಟ್ಟಿದ್ದ.

"ಈ ಕೂಗೋ ಕೆಲ್ಸ ಬಿಟ್ರೆ ನಂಗೆ ಬ್ಯಾರೆ ಏನೂ ಬರಾಂಗಿಲ್ಲ ಅಕ್ಕೋರೆ," ಅಂದ ಉಜ್ಜಿನಪ್ಪ. "ಅದ್ಯಾವ ಧಾಟಿ ಅಂತ ಹುಡ್ಕಿ ಕೊಡ್ರಿ. ಗುನುಗೋನ ಕಾಲು ಹಿಡ್ಕಂಡಾದ್ರೂ ನಿಲ್ಲಿಸ್ತೀನಿ."

ನನಗೆ ನಿಜಕ್ಕೂ ಅಯ್ಯೋ ಅನ್ನಿಸಿತು. ಅವತ್ತೂ ಮರುದಿನವೂ ಅವನ ಬಾಯಿಗೆ ನೀರು ತುಂಬಿಸಿ ಗೋಡೆಗೆ ಕೂರಿಸಿ, ವಾರಸುದಾರರಿಲ್ಲದ ಧಾಟಿಗಳನ್ನೆಲ್ಲ ಒಂದೊಂದಾಗಿ ಹಾಡಿದೆ. ಬೀಸುವ ಧಾಟಿ, ದನ ಅಟ್ಟುವ ಧಾಟಿ, ಹಲ್ಲುನೋವಿಗೆ ನರಳುವ ಧಾಟಿ, ಸಾಲ ಕೇಳಲು ಬಂದವರನ್ನು ಬಾಗಿಲಲ್ಲೇ ಸಾಗಹಾಕುವ ಧಾಟಿ. ಗೋಡೆ ಒಣಗಿಯೇ ಇತ್ತು. ನನ್ನ ಗಂಟಲು ಕೆಟ್ಟು ಕೆರ ಹಿಡಿಯಿತು. ಸದ್ಯೋಜಾತಪ್ಪನವರು ಆಗಾಗ ಬಂದು ಗೋಡೆ ಮುಟ್ಟಿ, ತಲೆ ಅಲ್ಲಾಡಿಸಿ ಹೋಗುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಅವನ ಹೆಂಡತಿ ಹಾಲಮ್ಮ ಬುತ್ತಿ ತಂದು ಹೊರಗಿನ ಬೆಂಚಿನ ಮೇಲೆ ಕೂತಳು. ಹಾಲಮ್ಮ ಮಾತು ಕಡಿಮೆಯ ಹೆಂಗಸು. ಸದಾ ಪಿತ್ತದ ಕಾಯಿಲೆ, ಜೀರಿಗೆ ಕಷಾಯ ಕುಡಿದೇ ಅರ್ಧ ಆಯುಷ್ಯ ಕಳೆದವಳು ಎಂದು ಓಣಿಯವರೆಲ್ಲ ಹೇಳುತ್ತಿದ್ದರು. ಅವಳನ್ನು ನೋಡಿ ನಕ್ಕು ಒಳಗೆ ಬಂದ ನನಗೆ ಇದ್ದಕ್ಕಿದ್ದಂತೆ ಒಂದು ಹೊಳೆಯಿತು. ಊರಿನ ಮಕ್ಕಳೆಲ್ಲ ಆಡುವಾಗ ಹಾಡುವುದು, ಸೊಪ್ಪು ಮಾರುವವರು ಕೂಗುವುದು, ತಾಯಂದಿರು ತೊಟ್ಟಿಲು ತೂಗುವುದು ಇವನ ಬಸ್ಸಿನ ಕೂಗಿನ ಧಾಟಿಯಲ್ಲೇ ಅಲ್ಲವೇ? ಎಲಾ ಇವನ, ಸಂಗೀತ ಆಗದು ಆಗದು ಎಂದು ಊರಿಗೆಲ್ಲ ಹಾಡು ಹಂಚಿದ್ದಾನಲ್ಲ ಎಂದುಕೊಂಡೆ. ಪರದೆಯ ಈಚೆ ನಿಂತು ಗಂಟಲು ಸರಿಮಾಡಿಕೊಂಡು, ಗೂಳಿಬಾವೀ, ಎಮ್ಮೆಕೆರೇ, ಉಪ್ಪಿನಪೇಟೇಗೆ ಹೋಗೋರೆಲ್ಲಾ ಎಂದು ಅವನ ಹಾಗೆಯೇ ಎಳೆದು ಹಾಡಿದೆ.

ಉಜ್ಜಿನಪ್ಪ ಅಲ್ಲಾಡಲಿಲ್ಲ. ಹೊರಗೆ ಬೆಂಚಿನ ಮೇಲೆ ಢಣ್ ಎಂದು ಬುತ್ತಿಯ ಮುಚ್ಚಳ ಬಿತ್ತು. ಬಾಗಿಲಿನಿಂದ ಇಣುಕಿದರೆ ಹಾಲಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದಾಳೆ. ಮತ್ತೆ ಹಾಡಿದೆ, ಮತ್ತೆ ಅವಳ ಭುಜ ಕುಪ್ಪಳಿಸಿತು. ಇನ್ನೊಂದು ಸಲ ಹಾಡುವಾಗ ಬಾಗಿಲಲ್ಲೇ ನಿಂತು, ಅವಳ ಮುಖ ನೋಡಿಕೊಂಡೇ ಹಾಡಿದೆ. ಅವಳು ಕೈಮುಗಿದು, ಪಿತ್ತ ಅಕ್ಕೋರೆ, ಮದುವೆಯಾದ ಹೊಸದರಿಂದ ಐತೆ, ಬಸ್ಸು ಬರೋ ಹೊತ್ತಿಗೇ ಜಾಸ್ತಿ ಅಂದಳು.

ಸದ್ಯೋಜಾತಪ್ಪನವರು ಕನ್ನಡಕ ಹಣೆಗೇರಿಸಿಕೊಂಡು ಓಡಿ ಬಂದರು. ಹಾಲಮ್ಮನನ್ನು ಒಳಗೆ ಕರೆದು, ಆ ಧಾಟಿಯಲ್ಲಿ ನೀನು ಏನಾದರೂ ಹಾಡುತ್ತಿದ್ದೆಯಾ ಎಂದು ಕೇಳಿದರು. ಹಾಡು ಗೀಡು ಏನೂ ಇಲ್ಲ ಎಂದಳು. ಕೊನೆಗೆ ನಾಚಿಕೊಂಡು, ಹೊಸದಾಗಿ ಮನೆ ತುಂಬಿದಾಗ ಗಂಡನ ಹೆಸರು ಹಿಡಿದು ಕರೆಯಲಾಗದೆ, ರೊಟ್ಟಿ ಆರ್ತೈತೇ, ಸಾರು ಆರ್ತೈತೇ, ಉಣ್ಣಾಕ್ ಬರೋರೆಲ್ಲಾ ಎಂದು ಪಡಸಾಲೆಯ ಕಡೆಗೆ ಕೂಗುತ್ತಿದ್ದೆ, ಈಗಲೂ ಹಾಗೇ ಕೂಗುತ್ತೇನೆ, ಉಣ್ಣಲು ಕರೆಯುವುದೂ ಒಂದು ಹಾಡಾ ಎಂದಳು. ಅದೇ ಧಾಟಿ, ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಮೊದಲ ದಿನ ಮೈಕಿನ ಮುಂದೆ ಕೂತಾಗ ಉಜ್ಜಿನಪ್ಪನ ಬಾಯಿ ಒಣಗಿ ಹೋಗಿ, ಮನೆಯಲ್ಲಿ ದಿನಾ ಕೇಳುತ್ತಿದ್ದ ಧಾಟಿ ತಾನಾಗಿಯೇ ಬಂದಿರಬೇಕು. ಅಂದಿನಿಂದ ಹೊರಟ ಒಂದೊಂದು ಬಸ್ಸಿಗೂ ಈ ಹೆಂಗಸು ಒಲೆಯ ಮುಂದೆ ಬಿಕ್ಕಳಿಸಿದ್ದಾಳೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಉಜ್ಜಿನಪ್ಪ ನೀರು ತುಂಬಿದ ಬಾಯಲ್ಲೇ ಹೆಂಡತಿಯನ್ನು ನೋಡುತ್ತಾ ನಿಂತಿದ್ದ. ಉಗುಳುವುದನ್ನೂ ಮರೆತಿದ್ದ. ಹಾಲಮ್ಮ ಅವನ ನೋಟ ತಡೆಯಲಾರದೆ ತಲೆ ತಗ್ಗಿಸಿ, ಬಿದ್ದ ಮುಚ್ಚಳ ಒರೆಸಿ ಬುತ್ತಿ ಜೋಡಿಸಲು ಶುರುಮಾಡಿದಳು. ಕೈ ಕೆಲಸದಲ್ಲಿ ಬಿದ್ದ ಕೂಡಲೇ ಅವಳ ಮೂಗಿನಿಂದ ಸಣ್ಣಗೆ ಒಂದು ಗುನುಗು ಹೊರಟಿತು. ಅಷ್ಟೇ ಸಾಕಾಯಿತು. ಉಜ್ಜಿನಪ್ಪನ ಬಾಯಿಂದಲೂ ಮೂಗಿನಿಂದಲೂ ನೀರು ಹಾರಿ, ಗೋಡೆಗೆ ಹೋಗಬೇಕಾದದ್ದು ಸದ್ಯೋಜಾತಪ್ಪನವರ ಮುಖಕ್ಕೇ ಹೋಯಿತು. ಅವರು ಕೆನ್ನೆ ಮುಟ್ಟಿ ನೋಡಿಕೊಂಡು, ಒದ್ದೆ ಇದೆ, ಬರೆದುಕೊಳ್ಳಿ ಎಂದರು.

ಅವಳು ಗುನುಗಿದ್ದು ಉಜ್ಜಿನಪ್ಪನ ಧಾಟಿ. ದಿನಾ ಬೆಳಿಗ್ಗೆ ಚಷ್ಮಾ ಹುಡುಕುವಾಗ, ಎಲ್ಲೈತೆ ಎಲ್ಲೈತೆ ನನ್ ಚಷ್ಮಾ ಎಲ್ಲೈತೇ ಎಂದು ಮನೆ ತುಂಬಾ ಓಡಾಡುತ್ತಾ ಅವನು ಹಾಡುವುದು ಓಣಿಗೆಲ್ಲ ಕೇಳುತ್ತದಂತೆ. ಹಾಡುತ್ತೇನೆಂದು ಅವನಿಗೇ ಗೊತ್ತಿಲ್ಲ. ತಿಂಗಳ ಹಿಂದೆ ಮನೆಯ ರೇಡಿಯೋ ಕೆಟ್ಟಿತ್ತು. ರಿಪೇರಿ ಮಾಡಿಸಿ ಎಂದು ಹಾಲಮ್ಮ ಹೇಳುವುದು, ನಾಳೆ ಎಂದು ಇವನು ಹೇಳುವುದು. ಇವನು ಕೆಲಸಕ್ಕೆ ಹೋದಮೇಲೆ ಮನೆ ಬಿಕೋ ಅನ್ನುತ್ತಿತ್ತು, ಅದಕ್ಕೆ ನಿಮ್ದೇ ಗುನುಗ್ತಿದ್ದೆ ಎಂದಳು ಹಾಲಮ್ಮ. ಹೇಳಿದ ಮೇಲೆ ಅವಳಿಗೆ ದಿಗಿಲಾಯಿತು. ಗಂಡನ ಕೆಲಸಕ್ಕೆ ತನ್ನಿಂದಲೇ ಕುತ್ತು ಬಂದಿತಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡು, ಇನ್ನು ಮುಂದೆ ಬಾಯಿಗೆ ಬೀಗ ಹಾಕುತ್ತೇನೆ ಎಂದು ಆಣೆ ಮಾಡಿದಳು.

ಎರಡು ಧಾಟಿಗೂ ಒಂದೇ ಹೊತ್ತಿಗೆ ಮೊಹರು ಬಿತ್ತು. ಇಷ್ಟು ವರ್ಷದ ಬಸ್ಸುಗಳಿಗೆಲ್ಲ ಹಾಲಮ್ಮನಿಗೆ ಬೆಲ್ಲ ಕೊಡಬೇಕಾದರೆ ಆಲೆಮನೆಗಳನ್ನೇ ಬರೆದುಕೊಡಬೇಕಾದೀತು ಎಂದು ಸದ್ಯೋಜಾತಪ್ಪನವರು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ನೋಂದಣಿಯಾದ ದಿನದಿಂದ ಮಾತ್ರ ಬೆಲ್ಲ ಎನ್ನುವ ನಿಯಮ ನೆನಪಿಸಿದೆ, ಅವರಿಗೆ ಜೀವ ಬಂತು. ಹಾಲಮ್ಮನಂತೂ, ಅಷ್ಟು ಬೆಲ್ಲ ಇಟ್ಟುಕೊಂಡು ನಾನೇನು ಇರುವೆ ಸಾಕಲಾ ಎಂದು ಎದ್ದು ಹೋದಳು.

ಇನ್ನೇನು, ಅವಳು ಗುನುಗುವುದಿಲ್ಲ, ಇವನಿಗೆ ಬಿಕ್ಕು ಬರುವುದಿಲ್ಲ, ಸೋಮವಾರ ಸುಸೂತ್ರ ಎಂದು ನಾನು ನೆಮ್ಮದಿಯಾಗಿದ್ದೆ. ಉಜ್ಜಿನಪ್ಪ ಮಾತ್ರ ಮೊಹರಿನ ಕಾಗದ ಹಿಡಿದು ಅಲ್ಲೇ ನಿಂತಿದ್ದ. ಈಗ ಗೊತ್ತಾದಮೇಲೂ ಆ ಧಾಟಿಯಲ್ಲಿ ಹೇಗೆ ಕೂಗಲಿ ಎಂದು ಕೇಳಿದ. ಅವಳ ಕರುಳು ಕಿತ್ತು ಬರುವ ಹಾಗೆ ಬಿಕ್ಕಳಿಕೆ ತರಿಸಿ ನಾನು ಸಂಬಳ ತಗೊಳ್ಳುವುದಾ ಎಂದ. ಅವಳಿಗೆ ಅಭ್ಯಾಸವಾಗಿದೆ ಬಿಡು ಎಂದು ನಾನು ಅಂದದ್ದು ಅವನಿಗೆ ಹಿಡಿಸಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಸೋಮವಾರ ಕಚೇರಿಗೆ ರಜೆ ಹಾಕಿ ನಾನೂ ನಿಲ್ದಾಣಕ್ಕೆ ಹೋದೆ. ಡಿಪೋ ಮ್ಯಾನೇಜರು ಮೈಕಿನ ಪಕ್ಕ ಕೈಕಟ್ಟಿ ನಿಂತಿದ್ದ. ಉಜ್ಜಿನಪ್ಪ ಚಷ್ಮಾ ಸರಿಮಾಡಿಕೊಂಡು, ಶ್ರಾದ್ಧದ ಸಾಮಾನು ಓದಿ ಹೇಳುವವರ ಹಾಗೆ, ಗೂಳಿಬಾವಿ ಬಸ್ಸು ಹೊರಡುತ್ತದೆ, ಎಮ್ಮೆಕೆರೆ ಬಸ್ಸು ಹೊರಡುತ್ತದೆ ಎಂದ. ಬಿಕ್ಕು ಬರಲಿಲ್ಲ. ಆದರೆ ಒಬ್ಬರೂ ಎದ್ದೇಳಲಿಲ್ಲ. ನಮ್ಮೂರಿನವರು ಬರೀ ಊರಿನ ಹೆಸರು ಕೇಳಿದ ಮಾತ್ರಕ್ಕೆ ಬಸ್ಸು ಹತ್ತುವವರಲ್ಲ, ಧಾಟಿ ಏರಿದರೆ ಗಂಟು ಹೊರುತ್ತಾರೆ, ಧಾಟಿ ಇಳಿದರೆ ಹತ್ತುತ್ತಾರೆ. ಏರಿಲ್ಲ ಇಳಿದಿಲ್ಲ, ಏನು ಮಾಡಿಯಾರು? ಖಾಲಿ ಬಸ್ಸುಗಳು ಒಂದರ ಹಿಂದೊಂದು ಹೋದವು. ಒಂದು ಬಸ್ಸಿನ ಡ್ರೈವರನೇ ಇನ್ನೂ ಕೂಗಿಲ್ಲವೆಂದು ಟೀ ಕುಡಿಯುತ್ತಾ ಕೂತಿದ್ದ. ಸಂತೆಗೆ ಹೋಗಬೇಕಾದವರು ಕೋಳಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಇವತ್ತು ಉಜ್ಜಿನಪ್ಪಗೆ ಹುಷಾರಿಲ್ಲೇನೋ ಎಂದು ಮರುಗುತ್ತಿದ್ದರು.

ಮ್ಯಾನೇಜರ ಪಿತ್ತ ನೆತ್ತಿಗೇರಿತು. ಬಿಕ್ಕಳಿಸಿದಾಗ ಜನ ತಪ್ಪು ಬಸ್ಸಾದರೂ ಹತ್ತುತ್ತಿದ್ದರು, ಈಗ ಅದೂ ಇಲ್ಲ, ಹಳೆಯ ಹಾಗೆ ಕೂಗುತ್ತೀಯೋ ಮನೆಗೆ ಹೋಗುತ್ತೀಯೋ ಎಂದು ಕೇಳಿದ. ಉಜ್ಜಿನಪ್ಪ ಮೈಕಿನ ಮುಂದಿನಿಂದ ಎದ್ದು, ಕೊರಳಿನ ಗುರುತಿನ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ.

ಅಷ್ಟರಲ್ಲಿ ಹಾಲಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಬೆಳಗಿನಿಂದ ಬಸ್ಸಿನ ಹೊತ್ತಿಗೆ ಒಂದೂ ಬಿಕ್ಕು ಬಂದಿರಲಿಲ್ಲ, ಕಂಬದ ಹಾರ್ನಿನಲ್ಲಿ ಬಂದ ಗಂಡನ ದನಿಯೂ ಗುರುತು ಸಿಗದಷ್ಟು ಸಪ್ಪೆಯಾಗಿತ್ತು. ಜೀರಿಗೆ ಕಷಾಯ ಕುಡಿಯದೆಯೇ ಹೊಟ್ಟೆ ತಣ್ಣಗಿದ್ದದ್ದು ಕಂಡು, ಗಂಡನಿಗೆ ಏನೋ ಆಗಿಹೋಗಿದೆ ಎಂದು ಅವಳ ಜೀವ ಹಾರಿಹೋಗಿತ್ತು. ಅವನು ನೆಟ್ಟಗೆ ನಿಂತಿರುವುದನ್ನು ನೋಡಿ ಉಸಿರು ಬಿಟ್ಟಳು. ಮೇಜಿನ ಮೇಲಿನ ಬಿಲ್ಲೆ ನೋಡಿದಳು, ಖಾಲಿ ಬಸ್ಸು ನೋಡಿದಳು. ಏನಾಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ.

"ನಂಗೆ ಬಿಕ್ಕು ಬರ್ತೈತೆ ಅಂತ ಕೆಲ್ಸ ಬಿಟ್ರಾ?" ಅಂದಳು. "ಇನ್ಮ್ಯಾಲೆ ಬಿಕ್ಕು ಬಂದ್ರೆ ನೀವು ಅಲ್ಲಿ ಚೆನ್ನಾಗಿದೀರಿ ಅಂತ ನಾನು ರೊಟ್ಟಿ ತಟ್ಟೋದ್ರೀ. ಅಷ್ಟೂ ತಿಳೀದಾ ನಿಮ್ಗೆ?"

ಉಜ್ಜಿನಪ್ಪ ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡ. ಏನೇ ಆಗಲಿ, ನಾನಂತೂ ಇನ್ನು ಆ ಧಾಟಿ ಹಾಡುವುದಿಲ್ಲ ಎಂದ, ಮೊಂಡ. ಹಾಲಮ್ಮ ಸೆರಗಿಗೆ ಕೈ ಒರೆಸಿಕೊಂಡು, ಮ್ಯಾನೇಜರನ್ನು ಪಕ್ಕಕ್ಕೆ ಸರಿಸಿ ಮೈಕಿನ ಮುಂದೆ ಕೂತಳು. ಅವಳ ಧಾಟಿಯನ್ನು ಅವಳು ಹಾಡಿದರೆ ಯಾರಿಗೂ ಏನೂ ಆಗುವುದಿಲ್ಲವಲ್ಲ! ಇದು ಕಚೇರಿಯಲ್ಲಿ ಕೂತ ನನಗೇ ಹೊಳೆದಿರಲಿಲ್ಲ. ಗೂಳಿಬಾವೀ ಎಂದು ಅವಳು ಎಳೆದದ್ದೇ ತಡ, ನಿಲ್ದಾಣವೆಲ್ಲ ದಡಬಡ ಎದ್ದಿತು. ಊಟಕ್ಕೆ ಕರೆದ ಹಾಗಿತ್ತು, ಜನ ಹಾಗೇ ನುಗ್ಗಿದರು. ಕೋಳಿಗಳ ಸಮೇತ ಬಸ್ಸು ತುಂಬಿತು. ಡ್ರೈವರ್ ಅರ್ಧ ಟೀ ಬಿಟ್ಟು ಓಡಿದ. ಮ್ಯಾನೇಜರು ಗಲ್ಲ ಕೆರೆದುಕೊಂಡು, ಬಿಲ್ಲೆಯನ್ನು ಎತ್ತಿ ಹಾಲಮ್ಮನ ಮುಂದೆ ಇಟ್ಟ.

ಅಂದಿನಿಂದ ಅವಳು ನಿಲ್ದಾಣದಲ್ಲಿ, ಇವನು ಒಲೆಯ ಮುಂದೆ. ರೊಟ್ಟಿ ಮೊದಮೊದಲು ದೇಶದ ನಕಾಶೆಯಂತೆ ಬಂದರೂ ಆಮೇಲೆ ಹದಕ್ಕೆ ಬಂತಂತೆ. ಸಂಸಾರ ಸರಿಹೋಯಿತೆಂದು ನಾನು ಅವರನ್ನು ಮರೆತಿದ್ದೆ. ಆದರೆ ಒಂದು ಮಧ್ಯಾಹ್ನ ಉಜ್ಜಿನಪ್ಪ ಸೋತ ಮುಖ ಹೊತ್ತು ಮತ್ತೆ ನನ್ನ ಮೇಜಿನ ಮುಂದೆ ಬಂದು ನಿಂತ. ಬಿಕ್ಕಳಿಕೆ ನಿಂತುಹೋಗಿದೆ ಅಂದ. ಒಳ್ಳೆಯದೇ ಆಯಿತಲ್ಲ ಮಾರಾಯ ಎಂದೆ. ಒಳ್ಳೆಯದಲ್ಲ, ನನ್ನ ಧಾಟಿ ಇನ್ನೂ ನನ್ನದೇ ಹೌದೋ ಅಲ್ಲವೋ ಪರೀಕ್ಷೆ ಮಾಡಿ ಎಂದು ಹಟ ಹಿಡಿದ. ಚಷ್ಮಾದ ಧಾಟಿಯ ಒಂದು ಸಾಲು ಗುನುಗಿದೆ. ಬಿಕ್ಕು ಬಂದು ನಿಂತಲ್ಲೇ ಎಗರಿದ. ಮುಖ ಒಂದು ಕ್ಷಣ ಅರಳಿ ಮತ್ತೆ ಬಾಡಿತು.

"ಹಂಗಾದ್ರೆ ಧಾಟಿ ಸರಿ ಐತೆ," ಅಂದ. "ಅವ್ಳೇ ಗುನುಗ್ತಿಲ್ಲ. ಅಲ್ಲಿ ಗದ್ದಲ, ಜನ. ನನ್ನ ನೆನಪು ಎಲ್ಲಿಂದ ಬರ್ಬೇಕು ಅವ್ಳಿಗೆ."

ನನಗೆ ಅಸಾಧ್ಯ ಸಿಟ್ಟು ಬಂತು. ಇವನ ಮೇಲೋ ಅವಳ ಮೇಲೋ ತಿಳಿಯದೆ ಛತ್ರಿ ಹಿಡಿದು ನಿಲ್ದಾಣಕ್ಕೆ ನಡೆದೆ. ಹಾಲಮ್ಮನನ್ನು ಮೈಕಿನ ಮುಂದೆಯೇ ಹಿಡಿದು, ಏನಮ್ಮ, ಕೆಲಸ ಸಿಕ್ಕಿತೆಂದು ಗಂಡನನ್ನು ಮರೆತುಬಿಟ್ಟೆಯಾ ಎಂದು ದಬಾಯಿಸಿದೆ. ಅವಳು ಬೆಪ್ಪಾಗಿ ನನ್ನನ್ನೇ ನೋಡಿದಳು. ಗುನುಗುವುದಿಲ್ಲವೆಂದು ಆಣೆ ಮಾಡಿದ್ದೆನಲ್ಲ, ಅವರಿಗೆ ತೊಂದರೆಯಾದೀತೆಂದು ತುಟಿ ಕಚ್ಚಿಕೊಂಡು ಕೂತಿದ್ದೇನೆ, ಕಚ್ಚಿ ಕಚ್ಚಿ ಹುಣ್ಣಾಗಿದೆ ಎಂದು ತುಟಿ ತೋರಿಸಿದಳು. ಅಯ್ಯೋ ನಿಮ್ಮ ಬುದ್ಧಿಗಿಷ್ಟು, ಅವನು ಒಂದು ಬಿಕ್ಕಿಗೆ ಬಾಯಿ ಬಾಯಿ ಬಿಡುತ್ತಿದ್ದಾನೆ ಎಂದೆ. ಅವಳ ಮುಖ ಕೆಂಪಾಯಿತು. ಅಷ್ಟರಲ್ಲಿ ಉಪ್ಪಿನಪೇಟೆಯ ಬಸ್ಸು ಬಂತು, ಕೂಗಿದಳು. ಕೂಗಿ ಮುಗಿಸಿದವಳು ಮೈಕು ಆರಿಸಲಿಲ್ಲ. ಕಣ್ಣು ಮುಚ್ಚಿ, ಎಲ್ಲೈತೆ ಎಲ್ಲೈತೆ ನನ್ ಚಷ್ಮಾ ಎಲ್ಲೈತೇ ಎಂದು ಊರಿನ ಎಲ್ಲ ಕಂಬದ ಹಾರ್ನುಗಳಲ್ಲೂ ಕೇಳುವ ಹಾಗೆ, ಮೊದಲಿನಿಂದ ಕೊನೆಯವರೆಗೆ ಹಾಡಿಬಿಟ್ಟಳು.

ಅದೆಂಥ ಅಂಟು ಧಾಟಿಯೋ. ನಾನು ಕಚೇರಿಗೆ ವಾಪಸ್ಸು ನಡೆಯುವಷ್ಟರಲ್ಲಿ ಕಡಲೆಕಾಯಿ ಮಾರುವವನು ಹಾಡುತ್ತಿದ್ದ, ಶಾಲೆ ಬಿಟ್ಟ ಮಕ್ಕಳು ಹಾಡುತ್ತಿದ್ದವು, ಕ್ಷೌರದಂಗಡಿಯಲ್ಲಿ ನೊರೆ ಮೆತ್ತಿಸಿಕೊಂಡವರು ಮೂಗಿನಲ್ಲೇ ಹಾಡುತ್ತಿದ್ದರು. ಉಜ್ಜಿನಪ್ಪ ಇನ್ನೂ ಕಚೇರಿಯ ಬೆಂಚಿನ ಮೇಲೇ ಇದ್ದ. ಒಂದರ ಮೇಲೊಂದು ಬಿಕ್ಕು ಬಂದು ಅವನು ಬೆಂಚಿನ ಸಮೇತ ಕುಣಿಯುತ್ತಿದ್ದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ಕಿವಿಯವರೆಗೆ ನಗುತ್ತಿತ್ತು. ಸದ್ಯೋಜಾತಪ್ಪನವರು ಗಾಬರಿಯಾಗಿ, ಎಂದೂ ಯಾರಿಗೂ ಕೈಯೆತ್ತಿ ಕೊಡದವರು, ಇರುವೆಯ ಪಾಲಿನಿಂದಲೇ ಒಂದು ಇಡೀ ಅಚ್ಚು ಬೆಲ್ಲ ತಂದು ಅವನ ಬಾಯಿಯ ಹತ್ತಿರ ಹಿಡಿದರು. ಉಜ್ಜಿನಪ್ಪ ಎರಡೂ ಕೈ ಅಡ್ಡ ತಂದು ಬಾಯಿ ಮುಚ್ಚಿಕೊಂಡ.

"ಬೆಲ್ಲ ಬ್ಯಾಡ್ರೀ," ಅಂದ, ಒಂದು ಬಿಕ್ಕಿಗೂ ಇನ್ನೊಂದಕ್ಕೂ ನಡುವೆ. "ನಿಂತ್ಹೋದೀತು."